ಬಿಸಿ ತಿಳಿಯದ ಕೈ

ಗೋಡೆಗೆ ಫೋಟೊ ಹಾಕಿಸಿಕೊಳ್ಳುವಂಥ ದೊಡ್ಡ ಕೆಲಸವನ್ನು ನಾನು ಇನ್ನೂ ಮಾಡಿಲ್ಲ, ಅಂದರೆ ಸತ್ತಿಲ್ಲ. ಹಾಗಿರುವಾಗ ಒಂದು ದಿನ ನನ್ನ ಮೊಮ್ಮಗಳು ಟೇಪು ಹಿಡಿದು ನಮ್ಮ ಗ್ಯಾರೇಜಿನ ಗೋಡೆ ಅಳೆಯುತ್ತಾ, "ಇಲ್ಲಿ ಅಜ್ಜಿ ಫೋಟೊ, ನಾಲ್ಕಡಿಗೆ ಮೂರಡಿ" ಅಂದಳು.

ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಇರುವುದು ಮೂರೇ ಜನ. ನಾನು, ನಮ್ಮ ಯಜಮಾನರು, ಈ ಮೊಮ್ಮಗಳು. ಅವಳು ನನ್ನ ಮಗಳ ಮಗಳು. ಮಗಳು ಅಳಿಯ ಇಲವಾಲದಲ್ಲಿದ್ದಾರೆ. ಕಾಲೇಜಿಗೆ ದೂರವಾಗುತ್ತದೆ ಅಂತ ನಮ್ಮಲ್ಲಿಗೆ ಬಂದವಳು ಓದು ಮುಗಿದರೂ ವಾಪಸ್ ಹೋಗಲಿಲ್ಲ, ನಾವೂ ಹೋಗು ಅನ್ನಲಿಲ್ಲ. ಹೋಟೆಲ್ ಕೆಲಸ ಕಲಿತಿದ್ದಾಳೆ. ಯಜಮಾನರ ಕಣ್ಣು ಮಂಜಾಗಿ ಕಾರು ಮಾರಿದ ಮೇಲೆ ಗ್ಯಾರೇಜು ಖಾಲಿ ಬಿದ್ದಿತ್ತು. ಅಲ್ಲೊಂದು ಕೆಫೆ ತೆಗೆಯುತ್ತೇನೆ ಅಂದಾಗ ಇಬ್ಬರೂ ಹೂಂ ಅಂದೆವು. ಆಮೇಲೆ ಗೊತ್ತಾಯಿತು, ಕೆಫೆಯ ಬೋರ್ಡಿನಲ್ಲಿ ಅಜ್ಜಿ, ಕಪ್ಪುಗಳ ಮೇಲೆ ಅಜ್ಜಿಯ ದಪ್ಪ ಕನ್ನಡಕದ ಚಿತ್ರ, ಗೋಡೆಯ ಮೇಲೆ ಅಜ್ಜಿ ಹಲ್ಲು ಬಿಡುತ್ತಿರುವ ಫೋಟೊ. ಅಜ್ಜಿ ಮಾತ್ರ ಎಲ್ಲೂ ಇಲ್ಲ.

"ಹಾರ ಯಾವ್ದು ಹಾಕ್ತೀಯೇ? ಸೇವಂತಿಗೆದೋ, ಶ್ರೀಗಂಧದ್ದೋ?" ಅಂತ ಕೇಳಿದೆ.

"ಅಯ್ಯೋ ಅಜ್ಜಿ, ಇದು ಬ್ರ್ಯಾಂಡಿಂಗ್ ಕಣಜ್ಜಿ."

"ಫೋಟೊ ಗೋಡೆ ಮೇಲೆ, ನಾನು ಒಳಗೆ ಅಡುಗೆಮನೇಲಿ. ಬಂದೋರು ಏನಂತಾರೆ ಹೇಳು? ಪಾಪ, ಯಾವಾಗ ಹೋದ್ರು, ಏನಾಗಿತ್ತು ಅಂತಾರೆ."

ಯಜಮಾನರು ಪೇಪರಿನ ಹಿಂದಿನಿಂದ, "ಫೋಟೊ ಆದ್ರೆ ಮಾತಾಡಲ್ಲ ಕಣಮ್ಮ. ಹಾಕ್ಬುಡು" ಅಂದರು.

ನಾನು ಅವರ ಕಡೆ ನೋಡಲೂ ಇಲ್ಲ. ಮೊಮ್ಮಗಳಿಗೆ ಹೇಳಿದೆ: "ಫೋಟೊ ಬೇಡ ಕಣೇ. ಆ ಮೆಷಿನ್ ಹತ್ರ ನಾನು ನಿಂತ್ಕೊತೀನಿ. ಕಾಫಿ ನಾನ್ ಮಾಡ್ತೀನಿ."

ಮೆಷಿನ್ನು ಆಗಲೇ ಬಂದಿತ್ತು. ಮೈಯೆಲ್ಲ ಸ್ಟೀಲು, ಮುಂದೆ ಎರಡು ಮೂತಿ, ಪಕ್ಕದಲ್ಲಿ ಆನೆಮರಿಯ ಸೊಂಡಿಲಿನಂತೆ ಉಗಿ ಬಿಡುವ ಒಂದು ನಳಿಗೆ. ಅದರ ಚೆಂದಕ್ಕೆ ನಾನು ಮರುಳಾಗಲಿಲ್ಲ. ಅದನ್ನು ಇಟ್ಟ ಜಾಗಕ್ಕೆ ಮರುಳಾದೆ. ಗ್ಯಾರೇಜಿನ ಬಾಗಿಲಿಗೆ ಎದುರಾಗಿ, ರಸ್ತೆ ಕಾಣುವ ಹಾಗೆ, ಎಲ್ಲರ ಕಣ್ಣ ಮುಂದೆ ಇಟ್ಟಿದ್ದಳು.

ಮದುವೆಯಾದ ದಿನದಿಂದ ನಾನು ಕಾಫಿ ಮಾಡುತ್ತಲೇ ಬಂದಿದ್ದೇನೆ. ಆದರೆ ಯಾವತ್ತೂ ಗೋಡೆಯ ಆಚೆ ನಿಂತು. ಕುಡಿಯುವವರು ಈಚೆ, ಪಡಸಾಲೆಯಲ್ಲಿ. ಮಠದ ಕಡೆಯವರು ಬರಲಿ, ಮಗಳನ್ನು ನೋಡಲು ಗಂಡಿನ ಕಡೆಯವರು ಬರಲಿ, ಯಜಮಾನರ ಆಫೀಸಿನವರು ಬರಲಿ, ತಟ್ಟೆಯಲ್ಲಿ ಲೋಟ ಇಟ್ಟು ಬಾಗಿಲ ತನಕ ಒಯ್ದರೆ ನನ್ನ ಕೆಲಸ ಮುಗಿಯಿತು. ಒಳಗೆ ಬಂದು ಕಿವಿಗೊಟ್ಟು ನಿಂತರೆ ಕೇಳಿಸುತ್ತಿತ್ತು: "ಕಾಫಿ ಬಹಳ ಚೆನ್ನಾಗಿದೆ ಸ್ವಾಮಿ." ಅದಕ್ಕೆ ನಮ್ಮ ಯಜಮಾನರು, "ಹೂಂ, ನಮ್ಮಲ್ಲಿ ಹಾಗೇನೇ" ಅನ್ನುತ್ತಿದ್ದರು. ಬೀಜ ಹುರಿದವರು ಅವರೇ, ಹಸು ಕರೆದವರೂ ಅವರೇ ಅನ್ನುವ ಗತ್ತು. ಲೋಟ ಬಾಯಿಗಿಟ್ಟ ಕ್ಷಣದಲ್ಲಿ ಒಬ್ಬರ ಮುಖವಾದರೂ ಹೇಗಾಗುತ್ತದೆ ಅಂತ ನಾನು ಕಂಡಿಲ್ಲ. ಕಣ್ಣು ಮುಚ್ಚುವುದರೊಳಗೆ ಅದನ್ನು ನೋಡಬೇಕು, ಅಷ್ಟೇ ನನ್ನ ಆಸೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಅಳುತ್ತಿದ್ದಳು. ಅಳುವವರ ಹತ್ತಿರ ಜಗಳ ಆಡುವುದು ಕಷ್ಟ.

ಅವಳು ಯೋಚಿಸಿ ಒಂದು ಕರಾರು ಹಾಕಿದಳು. "ನಂಗೆ ಕಲಿಸೋಕೆ ಒಬ್ರು ಟ್ರೇನರ್ ಬರ್ತಾರೆ. ಮೂರು ವಾರ. ನೀನೂ ಕಲ್ತ್ಕೊ. ಅವರು ಹೂಂ ಅಂದ್ರೆ ಬೆಳಿಗ್ಗೆ ಏಳರಿಂದ ಹತ್ತರ ತನಕ ಮೆಷಿನ್ ನಿಂದು. ಊಹೂಂ ಅಂದ್ರೆ ಫೋಟೊ."

"ಆಗ್ಲಿ ಕಣೇ" ಅಂದೆ. ಕಾಫಿಯಲ್ಲಿ ನನಗೆ ಕಲಿಸುವವರು ಯಾರು ಹುಟ್ಟಿದ್ದಾರೆ ಅನ್ನುವ ಕೊಬ್ಬು.

ಹುಟ್ಟಿದ್ದಳು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಉದಯಗಿರಿಯಲ್ಲಿ. ಸಂಜೆ ನಾಲ್ಕಕ್ಕೆ ಸರಿಯಾಗಿ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆದು ತಲೆವಸ್ತ್ರ ಸರಿಮಾಡಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಳೆ ತೆಗೀರಿ ಅಜ್ಜಿ" ಅಂದಳು. ಅಪ್ಪ ಬೈಕ್ ಮೆಕ್ಯಾನಿಕ್ಕಂತೆ. ಅವಳು ಆ ಮೆಷಿನ್ನಿನ ಹತ್ತಿರ ಹೋಗುವ ರೀತಿಯೇ ಬೇರೆ. ಮೊದಲು ಪಕ್ಕಕ್ಕೆ ಕಿವಿ ಇಟ್ಟು ಕೇಳುತ್ತಾಳೆ, ಆಮೇಲೆ ಮುಟ್ಟುತ್ತಾಳೆ. ದೊಡ್ಡ ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡಿ, ಈಗ ಊರ ತುಂಬ ಹುಡುಗ ಹುಡುಗಿಯರಿಗೆ ಇದನ್ನೇ ಕಲಿಸುತ್ತಾಳೆ. ಬಳೆ ತೆಗೆದೆ. ನಮ್ಮತ್ತೆ ಹೇಳಿದ್ದರೂ ತೆಗೆದವಳಲ್ಲ ನಾನು.

ಮೊದಲ ದಿನವೇ ತಿಳಿಯಿತು, ನಾನು ಕಲಿತದ್ದೆಲ್ಲ ಇಲ್ಲಿ ತಲೆಕೆಳಗು. ನಮ್ಮ ಫಿಲ್ಟರಿಗೆ ಪುಡಿಯನ್ನು ಮಗುವಿಗೆ ಹೊದಿಸಿದ ಹಾಗೆ ಮೆತ್ತಗೆ ಒತ್ತಬೇಕು, ಜಾಸ್ತಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಇಲ್ಲಿ ಹಿಡಿಕೆ ಇರುವ ಬಟ್ಟಲಿಗೆ ಪುಡಿ ಹಾಕಿ, ಮುದ್ರೆ ಒತ್ತುವಂಥ ಒಂದು ದಿಮ್ಮಿಯಿಂದ ಮೈಭಾರ ಬಿಟ್ಟು ಅದುಮಬೇಕು.

"ಇನ್ನೂ ಜೋರಾಗಿ ಅಜ್ಜಿ. ಸಿಟ್ಟು ಬಂದಂಗೆ."

"ನಮ್ಮ ಯಜಮಾನ್ರನ್ನ ನೆನಸ್ಕೊಂಡು ಒತ್ಲಾ?"

"ಅಷ್ಟೊಂದ್ ಬೇಡ. ಮೆಷಿನ್ ಒಡೆದೋಗುತ್ತೆ."

ಒತ್ತಿದ ಪುಡಿಯ ಮೇಲೆ ಬಿಸಿನೀರು ನುಗ್ಗಿ, ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ ಜೇನಿನ ಹಾಗೆ ಎಳೆಎಳೆಯಾಗಿ ಇಳಿಯಬೇಕು. ಬೇಗ ಇಳಿದರೆ ಹುಳಿ, ನಿಧಾನವಾದರೆ ಕಹಿ. ಇದು ನನಗೆ ನಾಲ್ಕೇ ದಿನದಲ್ಲಿ ಬಂತು. ಕಣ್ಣು ಮಂಜಾದವಳಲ್ಲ, ಡಿಕಾಕ್ಷನ್ನಿನ ಬಣ್ಣ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ರುಚಿ ನೋಡುವಾಗ ಮಾತ್ರ ಮರ್ಯಾದೆ ಹೋಯಿತು. ಟ್ರೇನರ್ ಹುಡುಗಿ ಒಂದು ಕ್ಯಾಪುಚಿನೊ ಮಾಡಿ, "ಒಂದೇ ಕಪ್, ಮೂರು ಜನಾನೂ ನೋಡೋಣ" ಅಂದಳು. ಮೂರು ಜನಕ್ಕೆ ಒಂದು ಕಪ್ಪು ಅಂದರೆ ಎಂಜಲು ಮಾಡಬಾರದು, ಎತ್ತಿ ಕುಡಿಯಬೇಕು. ನಾನು ಹುಟ್ಟಿದಾಗಿನಿಂದ ಕಲಿತದ್ದು ಅದು. ತಲೆ ಹಿಂದಕ್ಕೆ ಮಾಡಿ, ಬಾಯಿ ತೆರೆದು, ಒಂದು ಗೇಣು ಮೇಲಿನಿಂದ ಕಪ್ಪು ಬಗ್ಗಿಸಿದೆ. ಏನೂ ಬರಲಿಲ್ಲ. ಮೇಲೆ ನೊರೆ ಕೂತಿತ್ತು, ಮುಚ್ಚಳದಂತೆ. ಇನ್ನಷ್ಟು ಬಗ್ಗಿಸಿದೆ. ಆಗ ನೊರೆ, ಕಾಫಿ ಎಲ್ಲ ಒಟ್ಟಿಗೆ ದಬಕ್ ಅಂತ ಮೂಗಿನ ಮೇಲೆ, ಕನ್ನಡಕದ ಮೇಲೆ, ಕುತ್ತಿಗೆಯ ಒಳಗೆ.

"ಯಾ ಅಲ್ಲಾ!" ಅಂತ ಆ ಹುಡುಗಿ ಬಟ್ಟೆ ಹುಡುಕುತ್ತಾ ನೆಲಕ್ಕೆ ಕೂತು ನಕ್ಕಳು. ಮೊಮ್ಮಗಳು ಫೋನ್ ತೆಗೆದು ಫೋಟೊ ಹೊಡೆದಳು. ಯಜಮಾನರು ಬಾಗಿಲಲ್ಲಿ ನಿಂತು, "ಗೋಡೆಗೆ ಇದನ್ನೇ ಹಾಕ್ಬುಡು" ಅಂದರು.

ನಗಲಿ. ಅದು ನನಗೆ ದೊಡ್ಡದಲ್ಲ. ದೊಡ್ಡದು ಬಂದದ್ದು ಎರಡನೇ ವಾರ, ಹಾಲಿನ ಜೊತೆ.

ಹಾಲು ಕಾಯಿಸುವುದು ಇಲ್ಲಿ ಒಲೆಯ ಮೇಲಲ್ಲ. ಸ್ಟೀಲಿನ ಜಗ್ಗಿನಲ್ಲಿ ತಣ್ಣನೆಯ ಹಾಲು ಹಾಕಿ, ಆ ನಳಿಗೆಯ ತುದಿಯನ್ನು ಹಾಲಿನ ಮೈಗೆ ತಾಗಿಸಿ ಉಗಿ ಬಿಡಬೇಕು. ಮೊದಲು ಚುಸ್ ಚುಸ್ ಅಂತ ಗಾಳಿ ಎಳೆದು ನೊರೆ ಏಳುತ್ತದೆ, ಆಮೇಲೆ ಹಾಲು ಸುಳಿ ಸುತ್ತುತ್ತದೆ. ಒಂದು ಕೈಯಲ್ಲಿ ಜಗ್ಗಿನ ಹಿಡಿ, ಇನ್ನೊಂದು ಅಂಗೈ ಜಗ್ಗಿನ ಹೊಟ್ಟೆಯ ಮೇಲೆ.

"ಅಂಗೈ ಯಾಕೆ ಗೊತ್ತಾ ಅಜ್ಜಿ? ಅದೇ ಥರ್ಮಾಮೀಟರ್. ಕೈ ಇಡೋಕಾಗಲ್ಲ ಅಂತ ಅನ್ನಿಸ್ತಿದ್ದಂಗೆ ಉಗಿ ಬಂದ್ ಮಾಡ್ಬೇಕು. ಅರವತ್ತರಿಂದ ಅರವತ್ತೈದು ಡಿಗ್ರಿ ಸೆಲ್ಸಿಯಸ್. ದಾಟಿದ್ರೆ ಹಾಲು ಸತ್ತೋಯ್ತು."

ಅಂಗೈ ಇಟ್ಟೆ. ಉಗಿ ಬಿಟ್ಟೆ. ಹಾಲು ಸುತ್ತಿತು. ನನಗೆ ಕೈ ಇಡೋಕಾಗಲ್ಲ ಅನ್ನಿಸಲಿಲ್ಲ. ಇನ್ನೂ ಸುತ್ತಿತು. ಹಿತವಾಗಿಯೇ ಇತ್ತು, ಚಳಿಗಾಲದಲ್ಲಿ ಬಿಸಿಲಿಗೆ ಕೂತಂತೆ. ಹಾಲು ಗುಡುಗತೊಡಗಿತು. ಕಾಯಿಸಿದ ವಾಸನೆ ಬಂತು. ಇನ್ನೇನು ಉಕ್ಕುತ್ತದೆ ಅಂತ ನಾನು ಕಾಯುತ್ತಾ ನಿಂತಿದ್ದೆ. ಹಾಲು ಉಕ್ಕುವ ತನಕ ಕಾಯುವುದೇ ಅಲ್ಲವೇ ನನ್ನ ಜೀವಮಾನದ ಕೆಲಸ? ಹುಡುಗಿ ಕೈ ಚಾಚಿ ಉಗಿ ನಿಲ್ಲಿಸಿ, ಥರ್ಮಾಮೀಟರ್ ಅದ್ದಿ ನೋಡಿದಳು. ಎಂಬತ್ತೆರಡು.

"ಅಜ್ಜಿ, ಕೈ ಸುಡ್ಲಿಲ್ವಾ?"

"ಇಲ್ವಲ್ಲಾ."

ಅವಳು ಜಗ್ಗು ಮುಟ್ಟಿ ಫಟ್ ಅಂತ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನನ್ನ ಅಂಗೈ ಹಿಡಿದು ತಿರುಗಿಸಿ, ಗ್ಯಾರೇಜಿನಲ್ಲಿ ಟೈರು ನೋಡುವಂತೆ ಒತ್ತಿ ನೋಡಿದಳು.

"ಇದು ಕೈ ಅಲ್ಲ ಅಜ್ಜಿ, ಕಾವಲಿ."

ನಿಜವೇ. ಇಕ್ಕಳ ಹುಡುಕುವಷ್ಟು ಪುರುಸೊತ್ತು ನನಗೆ ಯಾವತ್ತಿತ್ತು? ಅನ್ನದ ತಪ್ಪಲೆ, ಸಾರಿನ ಪಾತ್ರೆ, ಕಾವಲಿಯ ಮೇಲಿನ ರೊಟ್ಟಿ, ಎಲ್ಲ ಬರಿಗೈಯಲ್ಲೇ. ಸೊಸೆಯಾಗಿ ಬಂದ ಹೊಸತರಲ್ಲಿ ಬೊಬ್ಬೆ ಬಂತು, ಆಮೇಲೆ ಬೊಬ್ಬೆಯೂ ಬೇಸತ್ತು ಬರುವುದು ಬಿಟ್ಟಿತು. ಈಗ ಇದನ್ನು ಬರೆಯುತ್ತಿರುವ ಈ ಫೋನಿನ ಗಾಜೂ ನನ್ನ ತೋರುಬೆರಳನ್ನು ಮನುಷ್ಯರ ಬೆರಳು ಅಂತ ಒಪ್ಪುವುದಿಲ್ಲ. ಎಷ್ಟು ಒತ್ತಿದರೂ ಅಕ್ಷರ ಮೂಡುವುದಿಲ್ಲ. ಇದನ್ನೆಲ್ಲ ಕಿರುಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ಕಿರುಬೆರಳು ಯಾವ ಕೆಲಸವನ್ನೂ ಮಾಡದೆ ಬದುಕಿದ ಸೋಮಾರಿ, ಅದಕ್ಕೆ ಇನ್ನೂ ಜೀವ ಇದೆ.

ಒಂದು ವಾರ ಪೂರ್ತಿ ಹಾಲು ಸುಟ್ಟೆ. ಎಪ್ಪತ್ತೆಂಟು, ಎಂಬತ್ತು, ಎಂಬತ್ತೈದು. ಥರ್ಮಾಮೀಟರನ್ನು ಜಗ್ಗಿನೊಳಗೇ ಸಿಕ್ಕಿಸಿಕೊಟ್ಟರು. ಉಗಿಗೆ ಕನ್ನಡಕ ಮಂಜಾಗಿ ಮುಳ್ಳೂ ಕಾಣಲಿಲ್ಲ, ಜಗ್ಗೂ ಕಾಣಲಿಲ್ಲ. ಕನ್ನಡಕ ತೆಗೆದರೆ ಮೆಷಿನ್ನೇ ಕಾಣಲಿಲ್ಲ. ಕೆಟ್ಟ ಆ ಹಾಲಿಗೆಲ್ಲ ಮನೆಯಲ್ಲಿ ದಿನಾ ಪಾಯಸ. ಯಜಮಾನರು ಮೂರನೇ ದಿನ ಬಟ್ಟಲು ನೋಡಿ, "ಇವತ್ತೂ ಫೇಲಾ?" ಅಂತ ಕೇಳಿ ಚಮಚ ಎತ್ತಿಕೊಂಡರು.

ಆ ಶನಿವಾರ ಫೋಟೊ ಪ್ರಿಂಟಾಗಿ ಬಂತು. ಮೊಮ್ಮಗಳು ಅದನ್ನು ನನಗೆ ಕಾಣದಂತೆ ಬಾಗಿಲ ಹಿಂದೆ ಇಟ್ಟಳು. ನಾಲ್ಕಡಿಗೆ ಮೂರಡಿಯದು ಯಾವ ಬಾಗಿಲ ಹಿಂದೆ ಅಡಗುತ್ತದೆ? ಒಂದು ಕಡೆಯಿಂದ ನನ್ನ ಅರ್ಧ ನಗು ಕಾಣುತ್ತಿತ್ತು.

"ಅಜ್ಜಿ, ಬೇಜಾರ್ ಮಾಡ್ಕೋಬೇಡ. ನೀನು ಬಾಗಿಲಲ್ಲಿ ನಿಂತು ಬಂದೋರಿಗೆ ನಮಸ್ಕಾರ ಹೇಳು, ಸಾಕು. ಎಲ್ರಿಗೂ ಇಷ್ಟ ಆಗುತ್ತೆ."

"ಕಲ್ಯಾಣ ಮಂಟಪದಲ್ಲಿ ಪನ್ನೀರು ಚಿಮುಕಿಸೋ ಗೊಂಬೆ ಇರುತ್ತಲ್ಲ, ಹಂಗಾ?"

ಅವಳು ಫೋಟೊವನ್ನು ಬಾಗಿಲ ಹಿಂದಕ್ಕೆ ಇನ್ನಷ್ಟು ತಳ್ಳಿದಳು. ಬಾಯಿಗೆ ಬಂದದ್ದೆಲ್ಲ ಆಡುವ ನಾನು ಸುಮ್ಮನಾದರೆ ಮನೆಯಲ್ಲಿ ಫ್ರಿಜ್ಜಿನ ಶಬ್ದ ಕೇಳಿಸುತ್ತದೆ.

ಯಜಮಾನರಿಗೆ ಭಾನುವಾರ ನೆಗಡಿಯಾಯಿತು. ಗಂಡಸರ ನೆಗಡಿ ಅಂದರೆ ಗೊತ್ತಲ್ಲ, ಉಯಿಲು ಬರೆಯುವ ಮಟ್ಟಕ್ಕೆ ಹೋಗುತ್ತದೆ. ವಿಭೂತಿ ಹಚ್ಚಿದ ಹಣೆಗೆ ಪಂಚೆ ಸುತ್ತಿಕೊಂಡು ಮಲಗಿ, "ನೋಡೇ, ಜ್ವರ ಎಷ್ಟಿದೆ" ಅಂದರು. ನಾನು ಹಣೆ ಮುಟ್ಟಿ, "ತೊಂಬತ್ತೊಂಬತ್ತು. ಸಾಯಲ್ಲ, ಏಳ್ರಿ" ಅಂದೆ. ಅವರು ನಂಬದೆ ಜ್ವರದ ಕಡ್ಡಿ ಇಡಿಸಿಕೊಂಡರು. ತೊಂಬತ್ತೊಂಬತ್ತು ಚಿಲ್ಲರೆ.

ಎದ್ದು ಬಾಗಿಲ ತನಕ ಬಂದವಳು ಅಲ್ಲೇ ನಿಂತುಬಿಟ್ಟೆ. ನಾನು ಅವರ ಹಣೆ ಮುಟ್ಟಿದ್ದು ಅಂಗೈಯಿಂದಲ್ಲ. ಮಕ್ಕಳ ಜ್ವರವನ್ನಾಗಲಿ, ಇವರ ಜ್ವರವನ್ನಾಗಲಿ ಅಂಗೈಯಿಂದ ನೋಡಿದವಳೇ ಅಲ್ಲ ನಾನು. ಕೈ ತಿರುಗಿಸಿ, ಬೆರಳುಗಳ ಹಿಂಬದಿಯಿಂದ. ನನ್ನ ಕೈಯ ಆ ಮಗ್ಗುಲು ಯಾವ ಪಾತ್ರೆಯನ್ನೂ ಇಳಿಸಿಲ್ಲ, ಯಾವ ರೊಟ್ಟಿಯನ್ನೂ ತಟ್ಟಿಲ್ಲ. ಅದು ಮುಟ್ಟಿದ್ದು ಬರೀ ಹಣೆಗಳನ್ನು.

ನೆಗಡಿಯವರನ್ನು ಅಲ್ಲೇ ಬಿಟ್ಟು ಗ್ಯಾರೇಜಿಗೆ ಓಡಿದೆ. ಹಿಂದಿನಿಂದ, "ಕಷಾಯ?" ಅಂತ ಕೂಗು ಕೇಳಿಸಿತು. ಹಾಲು ಹಾಕಿ, ಉಗಿ ಬಿಟ್ಟು, ಬೆರಳುಗಳ ಬೆನ್ನನ್ನು ಜಗ್ಗಿನ ಹೊಟ್ಟೆಗೆ ತಾಗಿಸಿ ಹಿಡಿದೆ. ತಣ್ಣಗೆ. ಬೆಚ್ಚಗೆ. ಜ್ವರ. ಜೋರು ಜ್ವರ. ಆಸ್ಪತ್ರೆಗೆ ಒಯ್ಯುವ ಜ್ವರ. ಅಮ್ಮಾ! ಕೈ ತಾನಾಗಿಯೇ ಹಿಂದಕ್ಕೆ ಬಂತು. ಉಗಿ ನಿಲ್ಲಿಸಿ ಥರ್ಮಾಮೀಟರ್ ಅದ್ದಿದೆ. ಅರವತ್ತಾರು. ಎಷ್ಟೋ ವರ್ಷದ ಮೇಲೆ ನನಗೆ ಏನೋ ಸುಟ್ಟಿತು. ಖುಷಿಗೆ ಒಬ್ಬಳೇ ನಕ್ಕೆ.

ಮರುದಿನ ಟ್ರೇನರ್ ಹುಡುಗಿಗೆ ತೋರಿಸಿದೆ. "ಕೈ ಉಲ್ಟಾ ಹಿಡಿಯೋದು ಯಾವ ಪುಸ್ತಕದಲ್ಲೂ ಇಲ್ಲ ಅಜ್ಜಿ" ಅಂದಳು. ಮುಳ್ಳು ನೋಡಿದಳು. ಅರವತ್ತನಾಲ್ಕು. "ಪುಸ್ತಕ ಬಿಡಿ" ಅಂದಳು.

ಉಳಿದದ್ದು ಹೃದಯ. ಹಾಲು ಹೊಯ್ಯುತ್ತಾ ಕಾಫಿಯ ಮೇಲೆ ಬಿಳಿ ಹೃದಯ ಮೂಡಿಸುವುದು. ಮಧ್ಯಕ್ಕೆ ಹಾಲು ಬಿಟ್ಟು ಗುಂಡಗೆ ಅರಳಿಸಿ, ಕೊನೆಗೆ ಜಗ್ಗು ಎತ್ತಿ ಸರ್ರನೆ ಒಂದು ಗೆರೆ ಎಳೆದರೆ ಮೇಲೆ ಸೀಳು ಬಿದ್ದು ಕೆಳಗೆ ಮೊನೆ ಬರುತ್ತದಂತೆ. ನನಗೆ ಮೇಲೆ ಸೀಳು ಬೀಳುತ್ತಲೇ ಇರಲಿಲ್ಲ. ಮೇಲೆ ನುಣ್ಣಗೆ ದುಂಡಗೆ, ಕೆಳಗೆ ಅಗಲವಾದ ಪೀಠ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅಂತ ಯೋಚಿಸುತ್ತಿರುವಾಗ ಯಜಮಾನರು ಬಂದು ಬಗ್ಗಿ ನೋಡಿ, ಚಪ್ಪಲಿ ಬಿಟ್ಟು, ಕೈ ಮುಗಿದರು.

"ಏನ್ರೀ ಅದು?"

"ಸಾಕ್ಷಾತ್ ಲಿಂಗ ಕಣೇ. ಇದನ್ನ ಹೆಂಗ್ ಕುಡಿಯೋದು? ವಿಭೂತಿ ಇಡ್ಬೇಕಷ್ಟೆ."

ನಮ್ಮದು ಶಿವನ ಮನೆತನ, ದಿನಾ ಅಂಗೈಯಲ್ಲಿಟ್ಟು ಪೂಜೆ ಮಾಡುವ ಜನ. ಕೈಗೆ ಅಭ್ಯಾಸವಾದದ್ದು ಕಪ್ಪಿನಲ್ಲೂ ಬಂದರೆ ನನ್ನ ತಪ್ಪೇ? ಟ್ರೇನರ್ ಹುಡುಗಿ ಕಪ್ಪನ್ನೂ ಕೈ ಮುಗಿದ ಮುದುಕರನ್ನೂ ನೋಡಿ, ನಗಬಹುದೋ ಬೇಡವೋ ಅಂತ ಗೊತ್ತಾಗದೆ ತುಟಿ ಕಚ್ಚಿಕೊಂಡಳು. ನಾನೇ ಮೊದಲು ನಕ್ಕೆ. ಆಮೇಲೆ ಅವಳು, "ಶೇಪ್ ಬೇಡ ಅಜ್ಜಿ. ಒಂದು ಬಿಳಿ ಬೊಟ್ಟು ಬಂದ್ರೆ ಪಾಸ್" ಅಂದಳು. ದೊಡ್ಡ ಮನಸ್ಸಿನ ಹುಡುಗಿ.

ಕೆಫೆ ತೆಗೆಯುವ ಹಿಂದಿನ ದಿನ ಪರೀಕ್ಷೆ. ಸಾಲಾಗಿ ಮೂರು ಕಪ್ಪು, ಮೂರೂ ಅರವತ್ತರಿಂದ ಅರವತ್ತೈದರೊಳಗೆ. ಮೊದಲನೆಯದು ಅರವತ್ತಮೂರು. ಎರಡನೆಯದು ಅರವತ್ತನಾಲ್ಕು. ಮೂರನೆಯದಕ್ಕೆ ಉಗಿ ಬಿಟ್ಟು ಬೆರಳ ಬೆನ್ನು ತಾಗಿಸಿ ನಿಂತಿದ್ದೇನೆ, ಯಜಮಾನರು ಒಳಗಿನಿಂದ, "ಏನೇ, ನನ್ನ ಕನ್ನಡಕ ಎಲ್ಲಿಟ್ಟೆ?" ಅಂದರು.

"ಮೂಗಿನ್ ಮೇಲೆ ನೋಡ್ರೀ!" ಅಂತ ತಿರುಗಿ ಹೇಳಿದೆ. ಅಷ್ಟೇ. ಎಪ್ಪತ್ತೆರಡು.

ಟ್ರೇನರ್ ಹುಡುಗಿ ಥರ್ಮಾಮೀಟರನ್ನು ಒರೆಸಿದ್ದನ್ನೇ ಒರೆಸಿದಳು. ಸುಳ್ಳು ಹೇಳುವ ಮುಖವಲ್ಲ ಅವಳದು. "ಇಲ್ಲ ಅಜ್ಜಿ. ಮೂರನೇದು ಹೋಯ್ತು" ಅಂದಳು.

ಮೊಮ್ಮಗಳು ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ. "ಆಯ್ತು, ನಾಳೆ ಒಂದಿನ ನಿಂತ್ಕೊ. ಆದ್ರೆ ಒಂದೇ ಒಂದು ಕಪ್ ವಾಪಸ್ ಬಂದ್ರೂ ಕೌಂಟರಿಂದ ಈಚೆ ಬಂದ್ಬುಡ್ಬೇಕು. ಜಗಳ ಆಡಂಗಿಲ್ಲ."

"ನಾನು ಯಾವತ್ತಾದ್ರೂ ಜಗಳ ಆಡಿದೀನೇನೇ?"

ಇದಕ್ಕೆ ಮಾತ್ರ, ಒಳಗಿದ್ದ ಯಜಮಾನರೂ ಸೇರಿ, ಮೂವರೂ ಒಟ್ಟಿಗೆ ನಕ್ಕರು.

ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದೆವು. ಯಜಮಾನರು ಕಾಯಿ ಒಡೆದರು. ಪಾರ್ಕಿನಲ್ಲಿ ನಡೆದು ಬರುವ ಜನ ಒಬ್ಬೊಬ್ಬರಾಗಿ ಇಣುಕಿದರು. ನಾನು ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಮೇಲೆ ಕಪ್ಪು ಏಪ್ರನ್ ಕಟ್ಟಿ, ಬಳೆಯಿಲ್ಲದ ಕೈಯಲ್ಲಿ ನಿಂತಿದ್ದೆ. ಮೊದಲು ಬಂದವಳು ಓಡುವ ಬಟ್ಟೆ ತೊಟ್ಟ ಒಬ್ಬ ಹುಡುಗಿ. ಕಪ್ಪು ತಗೊಂಡು, ಅಲ್ಲೇ ನಿಂತು, ತುಟಿಗಿಟ್ಟಳು. ನಾನು ನೋಡಿದೆ. ಅವಳ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು, ಭುಜ ಕೆಳಗೆ ಇಳಿಯಿತು. ಅಷ್ಟೇ. ಎಷ್ಟು ಚಿಕ್ಕದು! ಐವತ್ತು ವರ್ಷ ಗೋಡೆಯ ಆಚೆ ನಿಂತು ನಾನು ಕಳಕೊಂಡದ್ದು ಇಷ್ಟೇನಾ ಅನ್ನಿಸಿತು. ಮತ್ತೆ ನೋಡಬೇಕು ಅಂತಲೂ ಅನ್ನಿಸಿತು.

ಒಂಬತ್ತು ಕಪ್ಪು ಹೋದವು. ಹತ್ತನೆಯದು ವಾಪಸ್ ಬಂತು.

ಬಾಗಿಲ ಹತ್ತಿರದ ಮೇಜಿನಲ್ಲಿ ಕೂತಿದ್ದ ಒಬ್ಬ ಮುದುಕರದು. ಬಿಳಿ ಬೂಟು, ಉಣ್ಣೆ ಟೋಪಿ, ಊರುಗೋಲು, ನಮ್ಮ ಹಿಂದಿನ ಕ್ರಾಸಿನವರು. ಮುಖಪರಿಚಯ ಮಾತ್ರ. ಮೊಮ್ಮಗಳು ಕಪ್ಪನ್ನು ಕೌಂಟರಿನ ಮೇಲಿಟ್ಟು, ಸಣ್ಣ ದನಿಯಲ್ಲಿ, "ತಣ್ಣಗೆ ಆರೋಗಿದೆಯಂತೆ" ಅಂದಳು.

ಟ್ರೇನರ್ ಹುಡುಗಿ ಮೊದಲ ದಿನ ಅಂತ ಬಂದಿದ್ದಳು. ಥರ್ಮಾಮೀಟರ್ ಅದ್ದಿದಳು. "ಈಗ್ಲೂ ಅರವತ್ತಿದೆ. ಸರಿಯಾಗಿದೆ" ಅಂದಳು.

"ಸರಿ ಇದೆ ಅಂತ ನಂಗೂ ಗೊತ್ತು. ಅವ್ರಿಗೆ ಕುದೀತಿರ್ಬೇಕು. ಅಜ್ಜಿ, ಇದೊಂದ್ಸಲ ಮುಂಚಿನ್ ಥರ ಮಾಡ್ಕೊಟ್ಬುಡು. ಎಂಬತ್ತು, ಎಂಬತ್ತೈದು, ಎಷ್ಟಾದ್ರೂ. ಕೊಟ್ಬುಟ್ರೆ ವಾಪಸ್ ಬಂದಿದ್ದು ಲೆಕ್ಕಕ್ಕಿಲ್ಲ, ನೀನು ಇಲ್ಲೇ ಇರು."

ನೋಡಿ, ಎಷ್ಟು ಸುಲಭ. ಅಂಗೈ ತಿರುಗಿಸಿ ಹಿಡಿದರೆ ಸಾಕು, ನನ್ನ ಜಾಗ ನನಗೇ. ನಾನು ಜಗ್ಗಿಗೆ ಹಾಲು ಹಾಕಿಯೂ ಹಾಕಿದೆ. ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಜೀವನವಿಡೀ ಕೇಳಿದವರಿಗೆ ಕೇಳಿದ ಹಾಗೆ ಕಾಯಿಸಿಕೊಟ್ಟಿದ್ದೇನೆ, ಆರಿತು ಅಂದರೆ ಮತ್ತೆ ಕಾಯಿಸಿದ್ದೇನೆ, ಸಕ್ಕರೆ ಸಾಲದು ಅಂದರೆ ಹಾಕಿದ್ದೇನೆ. ಈ ಮೂರು ವಾರ ಕಲಿತದ್ದೊಂದೇ ನನಗೆ ಅಂತ ನಾನು ಕಲಿತದ್ದು.

ಜಗ್ಗು ಕೆಳಗಿಟ್ಟೆ. ಏಪ್ರನ್ ಬಿಚ್ಚಲಿಲ್ಲ. ವಾಪಸ್ ಬಂದ ಕಪ್ಪು ಎತ್ತಿಕೊಂಡು, ಕರಾರಿನಂತೆ, ಕೌಂಟರಿಂದ ಈಚೆ ಬಂದೆ.

"ಅಜ್ಜಿ, ಎಲ್ಲಿಗೆ? ಜಗಳ ಬೇಡ, ಪ್ಲೀಸ್" ಅಂತ ಮೊಮ್ಮಗಳು ಸೆರಗು ಹಿಡಿದಳು. ಬಿಡಿಸಿಕೊಂಡು ನೇರ ಅವರ ಮೇಜಿಗೆ ಹೋಗಿ, ಎದುರಿನ ಕುರ್ಚಿಯಲ್ಲಿ ಕೂತೆ. ಕಪ್ಪು ಅವರ ಮುಂದಿಟ್ಟೆ.

"ಏನಮ್ಮಾ, ಬಿಸಿ ಮಾಡ್ಕೊಟ್ರಾ?"

"ಇಲ್ಲ ಕಣ್ರೀ. ಅದೇ ಕಪ್ಪು, ನಿಮ್ಮದೇ ಎಂಜಲು. ಇನ್ನೂ ಸ್ವಲ್ಪ ಆರಿದೆ."

ಅವರು ಟೋಪಿ ತೆಗೆದು ನನ್ನನ್ನು ನೋಡಿದರು. "ನಮ್ಮನೇಲಿ ಹೊಗೆ ಆಡ್ತಿದ್ರೇನೇ ಕಾಫಿ ಅನ್ನೋದು."

"ನಮ್ಮನೇಲೂ ಹಂಗೇ. ಹೊಗೆ ಆಡೋದನ್ನ ಊದಿ ಊದಿ ಆರಿಸ್ಕೊಂಡು ತಾನೇ ಕುಡಿಯೋದು? ಆ ಊದೋ ಕೆಲಸ ನಾನೇ ಮಾಡಿ ಕೊಟ್ಟಿದೀನಿ ಅಂದ್ಕೊಳಿ."

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅವರು ನಗಲಿಲ್ಲ. ಊರುಗೋಲನ್ನು ಈ ಕಡೆಯಿಂದ ಆ ಕಡೆಗೆ ಇಟ್ಟರು.

"ಊದ್ಬೇಡಿ. ಒಂದು ಗುಟುಕು ಬಾಯಲ್ಲಿ ಇಟ್ಕೊಳಿ. ಅಷ್ಟೇ. ಆಮೇಲೆ ಬೈರಿ, ಕೂತು ಕೇಳಿಸ್ಕೊತೀನಿ" ಅಂದೆ.

ಕುಡಿದರು. ನನ್ನನ್ನು ಓಡಿಸಲಿಕ್ಕಾದರೂ ಕುಡಿಯಲೇಬೇಕಾಗಿತ್ತು. ಮುಖ ಗಂಟು ಹಾಕಿಕೊಂಡೇ ಇದ್ದರು. ಆಮೇಲೆ ಗಂಟು ಒಂದು ಕಡೆ ಸಡಿಲವಾಯಿತು.

"ಸಕ್ಕರೆ ಹಾಕಿದೀರಾ? ನನಗೆ ಸಕ್ಕರೆ ಆಗಲ್ಲ ಅಂತ ಆ ಮಗೂಗೆ ಹೇಳಿದ್ದೆ."

"ಒಂದು ಕಾಳೂ ಇಲ್ಲ. ಹಾಲಿನ ಸಿಹಿ ಅದು. ಕುದಿಸಿದ್ರೆ ಸತ್ತೋಗುತ್ತೆ."

"ಸುಳ್ಳು."

"ನಿಮ್ಮ ಹತ್ರ ಸುಳ್ಳು ಹೇಳಿ ನನಗೇನಾಗ್ಬೇಕ್ರೀ? ನೀವೇನು ನಮ್ಮ ಯಜಮಾನ್ರಾ?"

ಅವರು ಇನ್ನೊಂದು ಗುಟುಕು ಕುಡಿದರು. ನನ್ನ ಮಾತು ಪರೀಕ್ಷಿಸಲಿಕ್ಕೆ. ಮತ್ತೊಂದು. ಅದನ್ನೂ ಪರೀಕ್ಷಿಸಲಿಕ್ಕೆ. ನಾನು ಕದಲದೆ ಕೂತು ಮುಖವನ್ನೇ ನೋಡುತ್ತಿದ್ದೆ. ಒಂದು ಗೇಣು ದೂರದಿಂದ, ಯಾವ ಗೋಡೆಯೂ ಇಲ್ಲದೆ. ಪಾಪ, ಅವರಿಗೆ ಎಷ್ಟು ಮುಜುಗರವಾಯಿತೋ. ಕೌಂಟರಿನ ಹಿಂದೆ ಮೊಮ್ಮಗಳು ಉಗುರು ಕಚ್ಚುತ್ತಿದ್ದಳು, ಟ್ರೇನರ್ ಹುಡುಗಿ ಬಟ್ಟೆ ಹಿಡಿದು ಒರೆಸುವುದನ್ನು ಮರೆತಿದ್ದಳು.

ತಳದಲ್ಲಿ ಉಳಿದ ನೊರೆಯನ್ನು ಚಮಚದಲ್ಲಿ ಕೆರೆದು ತಿಂದು, ಕಪ್ಪನ್ನು ನನ್ನ ಕಡೆಗೆ ತಳ್ಳಿದರು.

"ಆರೋಗಿತ್ತು" ಅಂದರು. ಆಮೇಲೆ ಹೊರಗೆ ರಸ್ತೆಯ ಕಡೆ ನೋಡುತ್ತಾ, "ಇನ್ನೊಂದು ಕೊಡಿ. ಇದೇ ಥರ ಆರೋಗಿರೋದೇ" ಅಂದರು.

ನಾನು ಮೊಮ್ಮಗಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಕ್ಕುಬಿಡುತ್ತಿದ್ದೆ, ಅಥವಾ ಇನ್ನೇನೋ ಆಗುತ್ತಿತ್ತು. ಬಾಗಿಲಲ್ಲಿ ಆಗಲೇ ನಾಲ್ಕೈದು ಜನ ನಿಂತಿದ್ದರು. ಕೌಂಟರಿನ ಹಿಂದಿನಿಂದ ಮೊಮ್ಮಗಳ ದನಿ ಬಂತು, ಹೋಟೆಲಿನಲ್ಲಿ ಕಲಿತ ಗಟ್ಟಿ ದನಿ.

"ಅಜ್ಜೀ! ಮೂರು ಕ್ಯಾಪುಚಿನೊ, ಒಂದು ಲಾಟೆ! ಬೇಗ!"

"ಬಂದೆ ಇರೇ" ಅಂದೆ. "ಮಂಡಿ ಹಿಡ್ಕೊಂಡದೆ. ಯಾರಾದ್ರೂ ಕೈ ಕೊಡ್ರೋ."